ಬಾಬಾಸಾಹೇಬರ ಚಿತ್ರ ಬರೆದವರ ಹೆಸರೇನು?

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಏಪ್ರಿಲ್ 14 ಬಂತು ಅಂದ್ರೆ ಮೂಡಿಗೆರೆಯಿಂದ ಕಳಸದ ತನಕ ನೀಲಿ ಫ್ಲೆಕ್ಸ್‌ಗಳು ಏಳುತ್ತವೆ. ಫ್ಲೆಕ್ಸಿನ ಕೆಳಗೆ ಶುಭ ಕೋರುವವರ ಫೋಟೋ ಸಾಲು ಇರುತ್ತದೆ. ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ಅವರ ಪಕ್ಕ ಅವರ ಭಾವಮೈದ. ಮೂಲೆಯಲ್ಲಿ ಪ್ರಿಂಟ್ ಹಾಕಿದ ಅಂಗಡಿಯ ಹೆಸರು ಮತ್ತು ಫೋನ್ ನಂಬರೂ ಇರುತ್ತದೆ. ನಡುವೆ ಎದ್ದು ನಿಂತ ಬಾಬಾಸಾಹೇಬರ ಚಿತ್ರ ಬರೆದವರು ಯಾರು ಅನ್ನೋದು ಮಾತ್ರ ಎಲ್ಲೂ ಇರೋದಿಲ್ಲ. ಆ ಚಿತ್ರ ತಾನಾಗೇ ಹುಟ್ಟಿತೇ? ಯಾರೋ ಕೂತು, ಕಣ್ಣು ನೋಯಿಸಿಕೊಂಡು, ಗೆರೆ ಎಳೆದು ಅಳಿಸಿ ಮತ್ತೆ ಎಳೆದು ಮಾಡಿದ್ದಲ್ಲವೇ?

ನಮ್ಮ ಚಿತ್ರಗಳ ಚರಿತ್ರೆಯನ್ನು ಇದೇ ಪ್ರಶ್ನೆ ಇಟ್ಟುಕೊಂಡು ನೋಡೋಣ. ಯಾರು ಬರೆಸಿದರು? ಯಾರು ತೀರ್ಪು ಕೊಟ್ಟರು? ಯಾರ ಹೆಸರು ಉಳಿಯಿತು?

ಕೊಲ್ಹಾಪುರದಿಂದ ಶುರು ಮಾಡ್ತೀನಿ. ಅಲ್ಲಿನ ಬಿಂದು ಚೌಕದಲ್ಲಿ 1950ರ ಡಿಸೆಂಬರ್‌ನಲ್ಲಿ ಜ್ಯೋತಿಬಾ ಫುಲೆ ಮತ್ತು ಅಂಬೇಡ್ಕರ್ ಇಬ್ಬರ ಪ್ರತಿಮೆಗಳನ್ನೂ ನಿಲ್ಲಿಸಿದರು. ಬಾಬಾಸಾಹೇಬರು ಬದುಕಿದ್ದಾಗಲೇ ಎದ್ದ ಪ್ರತಿಮೆ ಅದು. ಮುಂದೆ ನಿಂತು ಮಾಡಿಸಿದವರು ಭಾಯಿ ಮಾಧವರಾವ್ ಬಾಗಲ್. ಅವರು ಸತ್ಯಶೋಧಕ ಪರಂಪರೆಯ ಹೋರಾಟಗಾರರು, ಜೊತೆಗೆ ಸ್ವತಃ ಚಿತ್ರ ಕಲಾವಿದರು. ಇದಕ್ಕೆ ಯಾವ ಸರ್ಕಾರದ ಆದೇಶವೂ ಇರಲಿಲ್ಲ, ಯಾವ ಸ್ಪರ್ಧೆಯೂ ಇರಲಿಲ್ಲ. ನಮ್ಮ ಊರಿನ ಚೌಕದಲ್ಲಿ ಯಾರು ನಿಲ್ಲಬೇಕು ಅಂತ ಜನರೇ ತೀರ್ಮಾನ ಮಾಡಿದ್ದು.

ಅದೇ ವರ್ಷ ಜನವರಿ 24ಕ್ಕೆ ದೆಹಲಿಯಲ್ಲಿ ಸಂವಿಧಾನದ ಕೈಬರಹದ ಪ್ರತಿಗೆ ಸದಸ್ಯರು ಸಹಿ ಹಾಕಿದ್ದರು. ಇಂಗ್ಲಿಷ್ ಪ್ರತಿಯ ಅಕ್ಷರ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯಜಾದಾ. ಚಿತ್ರಗಳ ಹೊಣೆ ಹೊತ್ತವರು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಪೀಠಿಕೆಯ ಪುಟವನ್ನು ಅಲಂಕರಿಸಿದವರು ಬಿಯೋಹರ್ ರಾಮಮನೋಹರ್ ಸಿನ್ಹಾ. ರಾಯಜಾದಾ ಸಂಬಳ ಬೇಡ ಅಂದರಂತೆ, ಬದಲಿಗೆ ಪ್ರತಿ ಪುಟದಲ್ಲೂ ತಮ್ಮ ಹೆಸರು ಇರಬೇಕು ಅಂತ ಕೇಳಿದರಂತೆ. ಇದನ್ನು ಸಣ್ಣ ಮಾತು ಅಂದುಕೋಬೇಡಿ. ಮಾಡಿದ ಕೆಲಸದ ಮೇಲೆ ಹೆಸರು ಇರಬೇಕು ಅಂತ ದೇಶದ ಅತಿ ದೊಡ್ಡ ದಾಖಲೆಯಲ್ಲೇ ಕೇಳಿ ಪಡೆದ ಮನುಷ್ಯ ಅವರು.

ಈಗ ಆ ಪ್ರತಿಯ ಚಿತ್ರಗಳನ್ನು ನೋಡಿ. ಮೊಹೆಂಜೊದಾರೋದ ಮುದ್ರೆ ಇದೆ. ಮೂಲಭೂತ ಹಕ್ಕುಗಳ ಭಾಗಕ್ಕೆ ರಾಮ, ಸೀತೆ, ಲಕ್ಷ್ಮಣರ ಚಿತ್ರ ಇದೆ. ಬುದ್ಧ, ಮಹಾವೀರ, ಅಕ್ಬರ್, ಶಿವಾಜಿ, ಗಾಂಧಿ, ನೇತಾಜಿ ಎಲ್ಲರೂ ಇದ್ದಾರೆ. ಪರಿಶಿಷ್ಟರ ಮೀಸಲಾತಿಯ ವಿಶೇಷ ಅವಕಾಶಗಳನ್ನು ಹೇಳುವ 16ನೇ ಭಾಗದಲ್ಲಿ ಟಿಪ್ಪು ಸುಲ್ತಾನ್ ಮತ್ತು ಝಾನ್ಸಿಯ ಲಕ್ಷ್ಮೀಬಾಯಿ ಇದ್ದಾರೆ. ಟಿಪ್ಪು ಇರೋದು ನಮಗೂ ಸಂತೋಷವೇ. ಆದರೆ ಕೆರೆ ನೀರು ಮುಟ್ಟಿದ ಮಹಾಡ್ ಇಲ್ಲ, ಫುಲೆ ಇಲ್ಲ, ಕರಡು ಸಮಿತಿಯ ಅಧ್ಯಕ್ಷರೂ ಇಲ್ಲ. ನಂದಲಾಲ್ ಬೋಸ್ ದೊಡ್ಡ ಕಲಾವಿದರು, ಅವರ ಕೈಯನ್ನು ನಾನು ದೂರುತ್ತಿಲ್ಲ. ಈ ದೇಶದ ಚರಿತ್ರೆ ಅಂದರೆ ಇದು ಅಂತ ಅಂದಿನವರು ಮನಸ್ಸಲ್ಲಿ ಹಾಕಿಕೊಂಡ ಪಟ್ಟಿಯಲ್ಲಿ ನಾವು ಇರಲಿಲ್ಲ. ಗೆರೆ ಎಳೆಯೋ ಮೊದಲೇ ಚಿತ್ರ ಅರ್ಧ ತೀರ್ಮಾನ ಆಗಿರುತ್ತದೆ ಅನ್ನೋದಕ್ಕೆ ಇದೇ ಸಾಕ್ಷಿ.

ಹಾಗಂತ ಆ ಕಾಲದಲ್ಲಿ ಬಾಬಾಸಾಹೇಬರ ಚಿತ್ರ ಯಾರೂ ಬರೆಯಲಿಲ್ಲ ಅಂತಲ್ಲ. ಪತ್ರಿಕೆಗಳ ವ್ಯಂಗ್ಯಚಿತ್ರಕಾರರು ಬೇಕಾದಷ್ಟು ಬರೆದರು. 1932ರಿಂದ 1956ರವರೆಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಅಂಥ ನೂರಕ್ಕೂ ಹೆಚ್ಚು ವ್ಯಂಗ್ಯಚಿತ್ರಗಳನ್ನು ಉನ್ನಮತಿ ಶ್ಯಾಮ ಸುಂದರ್ ಹುಡುಕಿ ತೆಗೆದು 2019ರಲ್ಲಿ ಪುಸ್ತಕ ಮಾಡಿದರು. ಅವರೂ ವ್ಯಂಗ್ಯಚಿತ್ರಕಾರರೇ, ನಮ್ಮವರೇ. ಆ ಚಿತ್ರಗಳಲ್ಲಿ ಬಾಬಾಸಾಹೇಬರು ಎಷ್ಟೋ ಕಡೆ ಗಾಂಧಿ, ನೆಹರೂ ಮುಂದೆ ಕುಳ್ಳಗೆ, ಮಗುವಿನ ಹಾಗೆ ಕಾಣ್ತಾರೆ. ಶಂಕರ್ 1949ರಲ್ಲಿ ಬರೆದ ಬಸವನಹುಳದ ಚಿತ್ರ ನಿಮಗೆ ನೆನಪಿರಬೇಕು. ಸಂವಿಧಾನ ಅನ್ನೋ ಹುಳದ ಮೇಲೆ ಬಾಬಾಸಾಹೇಬರು ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಎತ್ತಿದ್ದಾರೆ. 2012ರಲ್ಲಿ ಅದು ಹನ್ನೊಂದನೇ ತರಗತಿಯ ಪಠ್ಯದಲ್ಲಿ ಇದೆ ಅಂತ ಸಂಸತ್ತಿನಲ್ಲೇ ಗಲಾಟೆಯಾಯಿತು. ಇಲ್ಲೊಂದು ವಿಷಯ ಗಮನಿಸಿ: ಅವರನ್ನು ಚಿಕ್ಕದು ಮಾಡಿ ಬರೆದವರ ಹೆಸರು ಚರಿತ್ರೆಯಲ್ಲಿ ಭದ್ರವಾಗಿದೆ. ದೊಡ್ಡದು ಮಾಡಿ ಬರೆದವರ ಹೆಸರು?

1967ರ ಏಪ್ರಿಲ್ 2ರಂದು ಸಂಸತ್ ಭವನದ ಆವರಣದಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಅಂಬೇಡ್ಕರ್ ಪ್ರತಿಮೆ ಅನಾವರಣ ಮಾಡಿದರು. ಹನ್ನೆರಡೂವರೆ ಅಡಿ ಎತ್ತರದ ಕಂಚಿನ ಪ್ರತಿಮೆ, ಕೊಟ್ಟಿದ್ದು ಅಂಬೇಡ್ಕರ್ ಸ್ಮಾರಕ ಸಮಿತಿ. ಸೂಟು, ಕನ್ನಡಕ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಎತ್ತಿ ತೋರುಬೆರಳು ಚಾಚಿದ ನಿಲುವು. ಇವತ್ತು ನಮ್ಮ ಹಾಡಿ, ಕೇರಿ, ಕಾಲೋನಿಗಳ ಸಿಮೆಂಟ್ ಪ್ರತಿಮೆಯಿಂದ ಮೊಬೈಲ್ ಸ್ಟೇಟಸ್ ತನಕ ನೋಡುವ ನಿಲುವು ಇದೇ. ಅದನ್ನು ಮಾಡಿದ ಶಿಲ್ಪಿ ಬಿ.ವಿ. ವಾಘ್. ಈ ಹೆಸರು ಎಷ್ಟು ಜನಕ್ಕೆ ಗೊತ್ತು? ಒಂದು ಬೆರಳಿನಿಂದ ಕೋಟ್ಯಂತರ ಜನರ ಬೆನ್ನು ನೆಟ್ಟಗೆ ಮಾಡಿದ ಮನುಷ್ಯ ಅವರು.

ನಮ್ಮ ಕಾಫಿ ಸೀಮೆಗೆ ಆ ಚಿತ್ರ ಬಂದಿದ್ದು ಕ್ಯಾಲೆಂಡರಿನಲ್ಲಿ. ಎಸ್ಟೇಟ್ ಲೈನ್ ಮನೆಗಳ ಹೊಗೆ ಹಿಡಿದ ಗೋಡೆಗೆ ವರ್ಷ ಮುಗಿದ ಮೇಲೂ ತಾರೀಖಿನ ಭಾಗ ಮಾತ್ರ ಹರಿದು ಚಿತ್ರ ಉಳಿಸ್ಕೊಳ್ತಿದ್ರು. ಎಷ್ಟೋ ಕ್ಯಾಲೆಂಡರಿನಲ್ಲಿ ಬಾಬಾಸಾಹೇಬರಿಗೆ ಗುಲಾಬಿ ಕೆನ್ನೆ, ಬಿಳಿ ಮೈಬಣ್ಣ. ಬರೆದವರಿಗೆ ದೊಡ್ಡ ಮನುಷ್ಯ ಅಂದ್ರೆ ಬೆಳ್ಳಗೇ ಇರಬೇಕು ಅಂತ ಯಾರೋ ಕಲಿಸಿದ್ದರು. ದಲಿತ ಸಂಘರ್ಷ ಸಮಿತಿಯ ಚಳವಳಿ ಬೆಳೆದ ಮೇಲೆ ಗೋಡೆಬರಹ, ಕರಪತ್ರ, ಬ್ಯಾನರ್ ಎಲ್ಲಾ ಬಂತು. ಬಟ್ಟೆ ಬ್ಯಾನರಿನಲ್ಲಿ ಅಕ್ಷರ ಬರೆಯೋ ಪೇಂಟರ್‌ಗಳು ನಮ್ಮ ಹುಡುಗರೇ ಆಗಿದ್ದರು. ಫ್ಲೆಕ್ಸ್ ಬಂದು ಅವರ ಕುಂಚ ಮೂಲೆಗೆ ಬಿತ್ತು. ಅವರು ಬರೆದಿದ್ದು ಮಳೆಗೆ ತೊಳೆದು ಹೋಯಿತು, ಹೆಸರೂ ಹೋಯಿತು.

ಚಿತ್ರ ಮಾಡೋ ಕ್ರಮವೇ ಹೋರಾಟ ಆಗಬಹುದು ಅಂತ ತೋರಿಸಿಕೊಟ್ಟಿದ್ದು 2011ರಲ್ಲಿ ಬಂದ 'ಭೀಮಾಯಣ'. ಬಾಬಾಸಾಹೇಬರ ಬದುಕಿನ ಚಿತ್ರಕಥೆ ಅದು. ಬರೆದವರು ಮಧ್ಯಪ್ರದೇಶದ ಪರಧಾನ್ ಗೊಂಡ ಆದಿವಾಸಿ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಕಾಮಿಕ್ಸ್ ಅಂದ್ರೆ ಚೌಕ ಚೌಕ ಡಬ್ಬಿ ಹಾಕಿ ಅದರೊಳಗೆ ಬರೆಯೋದು ರೂಢಿ. ನಮ್ಮ ಪಾತ್ರಗಳನ್ನು ಡಬ್ಬಿಯಲ್ಲಿ ಕೂಡಿಹಾಕಲ್ಲ, ಉಸಿರು ಕಟ್ಟುತ್ತೆ ಅಂತ ಅವರು ಒಪ್ಪಲಿಲ್ಲ. ತಮ್ಮ ಮನೆಗೋಡೆಯ 'ಡಿಗ್ನಾ' ವಿನ್ಯಾಸದ ಬಾಗು ಗೆರೆಗಳಿಂದ ಪುಟ ಭಾಗ ಮಾಡಿಕೊಂಡರು. ಮಾತಿಗೆ ಬಳಸೋ ಗುಳ್ಳೆಯನ್ನೂ ಬದಲಿಸಿದರು. ಒಳ್ಳೆ ಮಾತಾಡುವವರ ಮಾತು ಹಕ್ಕಿಯ ಆಕಾರದಲ್ಲಿ, ಜಾತಿಯ ವಿಷ ಕಾರುವವರ ಮಾತು ಚೇಳಿನ ಕೊಂಡಿ ಇರುವ ಆಕಾರದಲ್ಲಿ. ಅಕ್ಷರ ಓದಲು ಬರದವರಿಗೂ ಯಾರ ಮಾತು ಕುಟುಕುತ್ತೆ ಅಂತ ತಿಳೀತದೆ. ಯಾವ ಸ್ಪರ್ಧೆಯ ನಿಯಮಾವಳಿಯಿಂದಲೂ ಇಂಥದು ಹುಟ್ಟೋದಿಲ್ಲ.

ಸ್ಪರ್ಧೆಯ ಮಾತಿಗೆ ಬರ್ತೀನಿ. ಸ್ಪರ್ಧೆ ಕೆಟ್ಟದ್ದು ಅಂತ ನಾನು ಹೇಳಲ್ಲ. 2010ರಲ್ಲಿ ರೂಪಾಯಿ ಚಿಹ್ನೆ ಸ್ಪರ್ಧೆಯಿಂದಲೇ ಬಂತು. ಗೆದ್ದ ಡಿ. ಉದಯಕುಮಾರ್ ಹೆಸರು ದೇಶಕ್ಕೆ ಗೊತ್ತಾಯಿತು, ಬಹುಮಾನದ ಹಣವೂ ಬಂತು. ಸ್ಪರ್ಧೆ ಹೆಸರನ್ನೂ ದುಡ್ಡನ್ನೂ ಕೊಡುತ್ತೆ, ಪ್ರಶ್ನೆಯನ್ನು ಮಾತ್ರ ತನ್ನ ಕೈಲೇ ಇಟ್ಟುಕೊಳ್ಳುತ್ತೆ. 2014ರ ಸ್ವಚ್ಛ ಭಾರತ ಲಾಂಛನ ನೋಡಿ. ಸಾರ್ವಜನಿಕ ಸ್ಪರ್ಧೆಯಲ್ಲಿ ಆಯ್ಕೆಯಾದದ್ದು ಕೊಲ್ಹಾಪುರದ ಅನಂತ್ ಖಾಸ್‌ಬಾರ್ದಾರ್ ಮಾಡಿದ ಗಾಂಧಿ ಕನ್ನಡಕ. ಒಂದು ಗಾಜಿನಲ್ಲಿ ಸ್ವಚ್ಛ, ಇನ್ನೊಂದರಲ್ಲಿ ಭಾರತ. ವಿನ್ಯಾಸ ಅಚ್ಚುಕಟ್ಟಾಗಿದೆ, ಕಲಾವಿದರ ಕೆಲಸದಲ್ಲಿ ಕೊರತೆ ಇಲ್ಲ. ಆದರೆ ಈ ದೇಶವನ್ನು ದಿನಾ ಸ್ವಚ್ಛ ಮಾಡುವ ಕೈ ಆ ಚಿತ್ರದಲ್ಲಿ ಎಲ್ಲಿದೆ? ನಮ್ಮ ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿಗಳ ಪರವಾಗಿ ದಶಕಗಳಿಂದ ಕೇಳುತ್ತಿರುವುದು ಇದನ್ನೇ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದ ಮೇಲೂ ಗುಂಡಿಗೆ ಇಳಿದವರು ಸಾಯ್ತಾನೇ ಇದ್ದಾರೆ. ಸ್ವಚ್ಛತೆಯ ಚಿತ್ರ ಬರೆಯಿರಿ ಅಂದವರು ಸ್ವಚ್ಛ ಮಾಡುವವರ ಚಿತ್ರ ಕೇಳಲಿಲ್ಲ. ಕೇಳದಿದ್ದರೆ ಬರೋದಿಲ್ಲ.

ಇನ್ನು ತಮಗಾಗಿ ಬರೆದುಕೊಂಡು ಹೊರಗೆ ಬಿಟ್ಟ ಚಿತ್ರ ಏನಾಗುತ್ತೆ? ನಮ್ಮ ಘಟ್ಟದ ಕೆಳಗಿನ ಕಾಸರಗೋಡಿನ ಕುಂಬಳೆಯ ಡಿಜಿಟಲ್ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಗೆಳೆಯರ ಬಾವುಟಕ್ಕೆ ಅಂತ ಕೇಸರಿ ಕಪ್ಪಿನ ಹನುಮಂತನ ಮುಖ ಮಾಡಿಕೊಟ್ಟರು. ಎರಡೇ ವರ್ಷದಲ್ಲಿ ಅದು ದೇಶದ ಕಾರುಗಳ ಹಿಂದಿನ ಗಾಜಿಗೆ ಅಂಟಿತು. 2018ರ ಚುನಾವಣೆಯಲ್ಲಿ ಪ್ರಧಾನಿಗಳು ಮಂಗಳೂರಿನ ಭಾಷಣದಲ್ಲಿ ಹೊಗಳಿದರು. ಅದು ಕೋಪ ಅಲ್ಲ, ಗತ್ತು ಅಂತ ಕಲಾವಿದರು ಹೇಳುತ್ತಲೇ ಬಂದರು. ಕೇಳೋರು ಯಾರು? ಅದರ ರಾಜಕೀಯ ನನ್ನದಲ್ಲ, ಆದರೆ ಪಾಠ ನಮಗೂ ಬೇಕು. ಬರೆದವನ ಹೆಸರು ಕಳಚಿ ಬಿದ್ದ ಚಿತ್ರಕ್ಕೆ ಅಂಟಿಸಿದವರು ಹೇಳಿದ್ದೇ ಅರ್ಥ.

ನಮ್ಮ ಕಡೆಯೂ ಡಿಜಿಟಲ್ ಕಲಾವಿದರ ಹೊಸ ತಲೆಮಾರು ಬಂದಿದೆ. ಒಡಿಶಾ ಮೂಲದ ರಾಹೀ ಪುಣ್ಯಶ್ಲೋಕ 'ಆರ್ಟೆಡ್ಕರ್' ಹೆಸರಿನಲ್ಲಿ, ಸಿದ್ಧೇಶ್ ಗೌತಮ್ 'ಬೇಕರಿ ಪ್ರಸಾದ್' ಹೆಸರಿನಲ್ಲಿ ಬರೆಯುತ್ತಾರೆ. ನೀವು ಹಂಚಿಕೊಂಡ ಎಷ್ಟೋ ಚಿತ್ರ ಇವರದ್ದೇ ಇರಬಹುದು.

ನಮ್ಮ ಸೀಮೆಯಲ್ಲೂ ಒಬ್ಬಳು ಹುಡುಗಿ ಇದ್ದಾಳೆ. ಹೆಸರು ಹೇಳಬೇಡಿ ಅಣ್ಣ ಅಂದಿದ್ದಾಳೆ, ಹಾಗಾಗಿ ಇಲ್ಲಿ ಹೇಳ್ತಿಲ್ಲ. ತಾಯಿ ಎಸ್ಟೇಟಿನಲ್ಲಿ ಹಣ್ಣು ಕುಯ್ಯುತ್ತಾರೆ. ಇವಳು ಬರೆಯೋದು ಫೋನಿನಲ್ಲಿ. ಮೊದಲು ಬಾಬಾಸಾಹೇಬರ ಹಳೇ ಕಪ್ಪುಬಿಳುಪು ಫೋಟೋಗಳನ್ನು ಹುಡುಕಿ ಇಟ್ಕೊಳ್ತಾಳೆ, ಬಣ್ಣ ಹಾಕಿದ ಕ್ಯಾಲೆಂಡರ್ ಚಿತ್ರ ಮುಟ್ಟಲ್ಲ. ಒಂದು ಪದರದಲ್ಲಿ ಒರಟು ಗೆರೆ, ಅದನ್ನು ಮಸುಕು ಮಾಡಿ ಮೇಲಿನ ಪದರದಲ್ಲಿ ಖಚಿತ ಗೆರೆ, ಅದರ ಕೆಳಗೆ ಬಣ್ಣ, ಕೊನೆಗೆ ನೆರಳು. ಮೈಬಣ್ಣಕ್ಕೇ ಒಂದು ಸಂಜೆ ಕಳೀತಾಳೆ. 'ಬೆಳ್ಳಗೆ ಮಾಡಲ್ಲ ಅಣ್ಣ, ಸುಮ್ನೆ ಕಪ್ಪು ಬಳಿಯೋದೂ ಇಲ್ಲ. ಬಿಸಿಲಲ್ಲಿ ನಿಂತ ನಮ್ಮಪ್ಪನ ಕೈ ನೋಡಿ ಬಣ್ಣ ತೆಗೀತೀನಿ' ಅಂತಾಳೆ.

ಅವಳು ತನಗಾಗಿ ಬರೆದ ಒಂದು ಚಿತ್ರದಲ್ಲಿ ಬಾಬಾಸಾಹೇಬರು ಲೈನ್ ಮನೆಯ ಜಗುಲಿಯಲ್ಲಿ ರೈಟರ ಹಾಜರಿ ಪುಸ್ತಕ ಬಿಡಿಸಿ ಕೂತಿದ್ದಾರೆ. ಮುಂದೆ ಹಣ್ಣಿನ ಚೀಲ ಇಳಿಸಿದ ಹೆಂಗಸರು ಸಾಲಾಗಿ ನಿಂತು ತಮ್ಮ ತಮ್ಮ ಹೆಸರು ತೋರಿಸ್ತಿದ್ದಾರೆ. ಒಂದು ಇಲಾಖೆಯವರು ಜಯಂತಿಗೆ ಚಿತ್ರ ಸ್ಪರ್ಧೆ ಇಟ್ಟಾಗ ನಿಯಮ ಓದಿದಳು. ಯಾರ ಭಾವನೆಗೂ ಧಕ್ಕೆ ಬರಬಾರದು, ರಾಷ್ಟ್ರೀಯ ಏಕತೆ ಕಾಣಬೇಕು. ಜಗುಲಿ ತೆಗೆದು ವಿಧಾನಸೌಧ ಹಾಕಿದಳು. ಚೀಲ ತೆಗೆದು ಪಾರಿವಾಳ ಹಾಕಿದಳು. ಸಮಾಧಾನಕರ ಬಹುಮಾನ ಬಂತು. ಮಾರನೇ ವರ್ಷ ಅದೇ ಚಿತ್ರ ಆಹ್ವಾನ ಪತ್ರಿಕೆಯ ಮೇಲೆ ಬಂತು, ಹೆಸರು ಇರಲಿಲ್ಲ.

ಜಗುಲಿಯ ಚಿತ್ರವನ್ನು ವಾಟ್ಸಾಪಿನಲ್ಲಿ ಹಾಕಿದಳು. ನಮ್ಮದೇ ಸಂಘದವರು ಫ್ಲೆಕ್ಸಿಗೆ ಬಳಸಿದರು. ಮೂಲೆಯ ಸಹಿ ಇದ್ದ ಜಾಗದಲ್ಲಿ ಖಜಾಂಚಿಯ ಫೋಟೋ ಬಂತು. 'ಇಲಾಖೆಯೋರು ಹೆಸರು ಬಿಟ್ರೆ ಅರ್ಥ ಆಗುತ್ತೆ ಅಣ್ಣ. ನಮ್ಮೋರೇ ಕತ್ತರಿಸಿದ್ರೆ ಯಾರ ಹತ್ರ ಹೇಳೋದು?' ಅಂತ ಕೇಳಿದಳು.

ಬಂಧುಗಳೇ, ಎಸ್ಟೇಟಿನ ಲೆಕ್ಕ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಅಂದ್ರೆ ಆ ದಿನದ ಕೂಲಿ ಇಲ್ಲ, ಎಷ್ಟು ಮೂಟೆ ಕುಯ್ದಿದ್ದರೂ ಅಷ್ಟೇ. ಕೆಲಸ ಮಾಡಿಸಿಕೊಂಡು ಹೆಸರು ಬಿಡೋದು ಜಾತಿ ವ್ಯವಸ್ಥೆಯ ಹಳೇ ಚಾಳಿ. ಗುಡಿ ಕಟ್ಟಿದವರ ಹೆಸರು ಹೋಯಿತು, ಕಟ್ಟಿಸಿದವರದ್ದು ಕಲ್ಲಿನ ಮೇಲೆ ಉಳಿಯಿತು. ಆ ಚಾಳಿ ನೀಲಿ ಫ್ಲೆಕ್ಸಿನೊಳಗೆ ಬರಬಾರದು.

ಹಾಗಾಗಿ ನಮ್ಮ ಎಲ್ಲ ಸಂಘಗಳ ಮುಂದೆ ಮೂರು ಮಾತು ಇಡ್ತಿದ್ದೀನಿ. ಒಂದು, ಚಿತ್ರ ಬಳಸುವ ಮೊದಲು ಬರೆದವರನ್ನು ಕೇಳಿ, ಸಹಿ ಕತ್ತರಿಸಬೇಡಿ, ಹೆಸರನ್ನು ಓದುವಷ್ಟು ದೊಡ್ಡದಾಗಿ ಹಾಕಿ. ಎರಡು, ಶಾಮಿಯಾನ, ಮೈಕ್, ಊಟಕ್ಕೆ ಲೆಕ್ಕ ಬರೆಯೋ ಪಟ್ಟಿಯಲ್ಲಿ ಕಲಾವಿದರ ಕೂಲಿಗೂ ಒಂದು ಸಾಲು ಇರಲಿ. ಮೂರು, ಸ್ಪರ್ಧೆ ನಾವೇ ಇಡೋಣ. ಏಕತೆ, ಪಾರಿವಾಳ ಅನ್ನೋ ವಿಷಯ ಬೇಡ. 'ನಿಮ್ಮ ಮನೆ ಜಗುಲಿಗೆ ಬಾಬಾಸಾಹೇಬರು ಬಂದರೆ ಏನು ತೋರಿಸ್ತೀರಿ?' ಅಂತ ಕೇಳೋಣ. ತೀರ್ಪು ಕೊಡೋ ಕುರ್ಚಿಯಲ್ಲಿ ಹಣ್ಣು ಕುಯ್ಯೋ ಒಬ್ಬ ತಾಯಿಯನ್ನೂ ಕೂರಿಸೋಣ.

ನಿಮ್ಮ ಊರಿನಲ್ಲಿ ಬ್ಯಾನರ್ ಬರೆದ ಹಳೇ ಪೇಂಟರ್‌ಗಳು, ಫೋನಿನಲ್ಲಿ ಚಿತ್ರ ಬರೆಯೋ ಮಕ್ಕಳು ಇದ್ದರೆ, ಅವರ ಒಪ್ಪಿಗೆ ಪಡೆದು, ಹೆಸರನ್ನು ಕೆಳಗೆ ಬರೆಯಿರಿ. ಪಟ್ಟಿ ಇಲ್ಲಿಂದಲೇ ಶುರುವಾಗಲಿ.

ಜೈ ಭೀಮ್.