ಕೋಲಾರದ ಸೈನೈಡ್ ಗುಡ್ಡಗಳು

ಕೆ.ಜಿ.ಎಫ್. ಎಂದೊಡನೆ ನಮಗೆಲ್ಲ ನೆನಪಾಗುವುದು ಚಿನ್ನ. 1880ರ ದಶಕದಿಂದ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೆ ಅಲ್ಲಿ ಸುಮಾರು 800 ಟನ್ ಚಿನ್ನ ದೊರೆಯಿತು. ಅರೆದ ಕಲ್ಲಿನಿಂದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಊರಿನ ಸೈನೈಡ್ ಗುಡ್ಡಗಳು. ಅಂದಾಜು 3 ಕೋಟಿ 30 ಲಕ್ಷ ಟನ್!

ವೈದ್ಯರಾದ ನಾವು ಈ ಪುಡಿಗೆ ಹೆದರುವುದು ಅದರಲ್ಲಿರುವ ಸಿಲಿಕಾಕ್ಕಾಗಿ. 1940ರ ದಶಕದ ತಪಾಸಣೆಗಳಲ್ಲಿ ಅಲ್ಲಿನ ಸಾವಿರಾರು ಕಾರ್ಮಿಕರಿಗೆ ಸಿಲಿಕೋಸಿಸ್ ಇದ್ದದ್ದು ತಿಳಿಯಿತು. ಆ ಶ್ವಾಸಕೋಶದ ರೋಗವನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಗಣಿ ಮುಚ್ಚಿದ ಮೇಲೂ ಗಾಳಿ ಬೀಸಿದರೆ ಗುಡ್ಡದ ಧೂಳು ಮನೆಯೊಳಗೆ ಬರುತ್ತದೆ.

ಈ ಪುಡಿಯನ್ನು ಸಿಮೆಂಟಿನ ಜೊತೆ ಸೇರಿಸಿ ಕಟ್ಟಿಹಾಕಬಾರದೇ? ಕನ್ನಂಬಾಡಿ ಕಟ್ಟೆ ಎದ್ದದ್ದು ಸುಣ್ಣ-ಸುರ್ಕಿ ಗಾರೆಯಿಂದ. ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣದೊಡನೆ ಕೂಡಿ ಗಟ್ಟಿಯಾಗುತ್ತದೆ. ಗಣಿಪುಡಿಯ ಸಿಲಿಕಾ ಹಾಗೆ ಸುಲಭವಾಗಿ ಕೂಡುವುದಿಲ್ಲ. ಆದ್ದರಿಂದ ಸಿಮೆಂಟಿನ ಸ್ವಲ್ಪ ಪಾಲಿಗೆ ಮಾತ್ರ ಅದು ಬದಲಿಯಾದೀತು. ಹೆಚ್ಚಾದರೆ ಬಲ ಕುಗ್ಗುತ್ತದೆ. ಇಟ್ಟಿಗೆಗಾದರೆ ಹೆಚ್ಚು ಪುಡಿ ಬಳಸಬಹುದು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದಂತೆ, ಈ ಪುಡಿಗೆ ಶೇ. 20 ಸಿಮೆಂಟ್ ಬೆರೆಸಿ 14 ದಿನ ನೀರುಣಿಸಿದ ಇಟ್ಟಿಗೆ ಕಟ್ಟಡಕ್ಕೆ ಯೋಗ್ಯ. ಆದರೆ ವಿಷಾಂಶದ ಪರೀಕ್ಷೆ ಮೊದಲಾಗಬೇಕು. ಕೆಲಸಗಾರರು ಧೂಳು ಕುಡಿಯಬಾರದು.

2024ರ ಜೂನ್‌ನಲ್ಲಿ 13 ಗುಡ್ಡಗಳಿಂದ ಅಳಿದುಳಿದ ಚಿನ್ನ ತೆಗೆಯಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಚಿನ್ನ ತೆಗೆದರೂ ಪುಡಿಯ ರಾಶಿ ಕರಗುವುದಿಲ್ಲ. ಅದನ್ನು ಎಲ್ಲಿ ಬಳಸುವಿರಿ ಎಂದು ಕೋಲಾರದವರೊಡನೆ ನಾವೂ ಕೇಳೋಣ.