ಟಾರ್ಚ್ ಬೆಳಕಿಗೆ ಕೆಂಡದಂತೆ ಹೊಳೆಯುವ ಕಲ್ಲು ವಜ್ರವೇ, ನಾಗಮಣಿಯೇ?

ಕತ್ತಲಲ್ಲಿ ಯಾರೋ ಟಾರ್ಚ್ ಹಾಕುತ್ತಾರೆ, ಅಂಗೈಯಲ್ಲಿರುವ ಬೂದು ಕಲ್ಲಿನೊಳಗೆ ಕೆಂಡ ಉರಿದಂತೆ ಕಿತ್ತಳೆ ಬೆಳಕು ಕಾಣುತ್ತದೆ. ಇಂಥ ವಿಡಿಯೊ ನಿಮಗೂ ಬಂದಿರಬಹುದು. ಆ ಹೊಳಪು ನಿಜ. ಅದರ ಜೊತೆ ಬರುವ 'ನಾಗಮಣಿ', 'ವಜ್ರದ ಕಲ್ಲು' ಎಂಬ ಮಾತು ಮಾತ್ರ ಸುಳ್ಳು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹೊಲಗಳಲ್ಲಿ ಬೆಣಚುಕಲ್ಲಿಗೆ ಬರವಿಲ್ಲ. ಅಲ್ಲಿನವರು ಇಂಥ ಕಲ್ಲಿಗೆ ದುಡ್ಡು ಕೊಡುವ ಮೊದಲು ಇದನ್ನು ಓದಬೇಕು ಅಂತ ನಮ್ಮ ಆಸೆ.

ಕೆಂಡದ ಬಣ್ಣದ ಈ ಕಲ್ಲು ಹೆಸರಾದದ್ದು 2017ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಸುಪೀರಿಯರ್ ಸರೋವರದ ದಡದಲ್ಲಿ. ಅದರಲ್ಲಿ ಹೊಳೆಯುವುದು ಸೋಡಲೈಟ್ ಎಂಬ ಸಿಲಿಕೇಟ್ ಖನಿಜ. ವಿಡಿಯೊದಲ್ಲಿರುವುದು ಮಾಮೂಲಿ ಟಾರ್ಚಲ್ಲ, ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಬೆಳಕಿನ ಟಾರ್ಚ್. ಖನಿಜದಲ್ಲಿ ಬೆರೆತ ಅಲ್ಪಸ್ವಲ್ಪ ಬೇರೆ ಧಾತುಗಳು ಆ ಬೆಳಕನ್ನು ಹೀರಿ, ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುತ್ತವೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ನೋಟಿನ ಮೇಲಿನ ಸಂಖ್ಯೆಗಳು ಯಂತ್ರದಡಿ ಹೊಳೆಯುವುದೂ, ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಪಂಚೆ ಫಳಫಳ ಅನ್ನುವುದೂ ಇದರಿಂದಲೇ. ಟಾರ್ಚ್ ಆರಿಸಿದರೆ ಹೊಳಪೂ ಆರುತ್ತದೆ. ತಾನಾಗಿಯೇ ರಾತ್ರಿಯಿಡೀ ಬೆಳಗುವ ಮಣಿ ಇದಲ್ಲ.

ಹಾಗಾದರೆ ಮೊಳಕಾಲ್ಮುರು ಕಡೆ ಸೋಡಲೈಟ್ ಸಿಕ್ಕೀತೇ? ಅಶೋಕನ ಶಾಸನ ಸಿಕ್ಕ ಬ್ರಹ್ಮಗಿರಿಯ ಸುತ್ತಮುತ್ತ ಕಾಣುವ ಗುಂಡುಬಂಡೆಗಳು ಗ್ರಾನೈಟ್ ಜಾತಿಯವು, ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯವು. ಅವುಗಳಲ್ಲಿ ಬೆಣಚು ಧಾರಾಳ. ಸೋಡಲೈಟ್ ಹುಟ್ಟುವುದು ಸಿಲಿಕಾ ಸಾಲದೆ ಹೋದ ಶಿಲಾರಸದಲ್ಲಿ, ಬೆಣಚು ಹುಟ್ಟುವುದು ಸಿಲಿಕಾ ಮಿಕ್ಕಿದಾಗ. ಹಾಗಾಗಿ ಇವೆರಡೂ ಒಂದೇ ಬಂಡೆಯಲ್ಲಿ ಒಟ್ಟಿಗೆ ಹುಟ್ಟುವುದಿಲ್ಲ. ಬಂಡೆಯ ಮೇಲೆ ಯುವಿ ಟಾರ್ಚ್ ಬಿಟ್ಟರೆ ಬಹುಪಾಲು ಕತ್ತಲೇ. ಅಲ್ಲೊಂದು ಇಲ್ಲೊಂದು ಜಿರ್ಕಾನ್ ಎಂಬ ಸಿಲಿಕೇಟಿನ ಹಳದಿ ಚುಕ್ಕಿ ಕಂಡರೆ ಕಾಣಬಹುದು, ಅದೂ ಸಾಸಿವೆಗಿಂತ ಚಿಕ್ಕದು. ಬಂಡೆಯ ಸಂದಿಯಲ್ಲಿ ಹಸಿರುನೀಲಿಯಾಗಿ ಹೊಳೆಯುವುದೇನಾದರೂ ಕಂಡರೆ ಕೈ ಹಾಕಬೇಡಿ, ಅದು ಚೇಳು! ಚೇಳಿನ ಚಿಪ್ಪಿಗೂ ಪ್ರತಿದೀಪ್ತಿ ಇದೆ.

ಅಗ್ಗದ ಟಾರ್ಚಿನದು ಇನ್ನೊಂದು ಮೋಸ. ಅದು ಯುವಿ ಜೊತೆ ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೂ ಚೆಲ್ಲುತ್ತದೆ. ಬಿಳಿ ಬೆಣಚುಕಲ್ಲು ಆ ನೇರಳೆಯನ್ನು ಹಾಗೇ ಹಿಂದಿರುಗಿಸುತ್ತದೆ, ನೋಡುವವರು 'ಹೊಳೀತು' ಅಂದುಕೊಳ್ಳುತ್ತಾರೆ.

ಇನ್ನು ವಜ್ರದ ವಿಚಾರ. ನೂರು ವಜ್ರಗಳಲ್ಲಿ ಯುವಿ ಬೆಳಕಿಗೆ ಹೊಳೆಯುವುದು ಸುಮಾರು 25ರಿಂದ 35, ಹೆಚ್ಚಿನವು ನೀಲಿಯಾಗಿ. ಹೊಳೆಯದಿದ್ದರೂ ವಜ್ರ ಇರಬಹುದು, ಹೊಳೆದರೂ ಅದು ಬರೀ ಕಲ್ಲಿರಬಹುದು. 'ಗಾಜಿನ ಮೇಲೆ ಗೀರು ಬಿತ್ತು, ಆದ್ದರಿಂದ ವಜ್ರ' ಎಂಬ ಪರೀಕ್ಷೆಯನ್ನೂ ನಂಬಬೇಡಿ. ಹೊಲದ ಬೆಣಚುಕಲ್ಲೂ ಗಾಜನ್ನು ಗೀರುತ್ತದೆ. ಯಾರಾದರೂ ಟಾರ್ಚ್ ಹಾಕಿ ತೋರಿಸಿ ಮುಂಗಡ ಕೇಳಿದರೆ, 'ರತ್ನ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಒಟ್ಟಿಗೇ ಹೋಗೋಣ ಬನ್ನಿ' ಅನ್ನಿ. ಮಕ್ಕಳ ಕೈಗೆ ಯುವಿ ಟಾರ್ಚ್ ಕೊಡಬೇಡಿ, ಆ ಬೆಳಕು ನೇರವಾಗಿ ಬಿದ್ದರೆ ಕಣ್ಣಿಗೆ ಹಾನಿ.