ದಂಡು ಪ್ರದೇಶದ ಐಸ್ ಮೀನು

ಬೆಂಗಳೂರಿನಲ್ಲಿ ಮೀನು ಕೊಳ್ಳುವವರ ಬಾಯಲ್ಲಿ 'ಐಸ್ ಮೀನು' ಎಂಬ ಮಾತು ಬೈಗುಳದ ಹಾಗೆ ಬರುತ್ತದೆ. ಕರಾವಳಿಯಿಂದ ಬಂದು ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ನೆಲೆಸಿದವರಂತೂ ಊರಿನ ದಕ್ಕೆಯ ಬಂಗುಡೆಯನ್ನು ನೆನೆದು, ಇಲ್ಲಿ ಸಿಗುವುದನ್ನು ಮೀನೆಂದೇ ಒಪ್ಪುವುದಿಲ್ಲ. ಕಡಲಿಗೆ ಗಾಳ ಹಾಕುವ ಹವ್ಯಾಸಿಗಳಲ್ಲೂ ಅದೇ ನಂಬಿಕೆ ಬೇರೂರಿದೆ: ಎರೆಗೆ ಆಗತಾನೆ ಹಿಡಿದ ಮೀನೇ ಬೇಕು, ಫ್ರೀಜರಿನದು ಬೇರೆ ಗತಿಯಿಲ್ಲದಾಗ ಮಾತ್ರ. ಈ ತಿರಸ್ಕಾರ ಐಸಿನ ಮೇಲೆ ಬಿದ್ದಿರುವುದು ಅನ್ಯಾಯ ಎಂಬುದು ನನ್ನ ವಾದ. ಪೂರ್ವ ಪಶ್ಚಿಮದ ಎರಡೂ ಕಡಲುಗಳಿಂದ ಸುಮಾರು 350 ಕಿಲೋಮೀಟರ್ ದೂರದಲ್ಲಿ, 900 ಮೀಟರ್ ಎತ್ತರದಲ್ಲಿರುವ ಈ ಊರಿಗೆ ಕಡಲ ಮೀನು ಬಂದದ್ದೆಲ್ಲ ಉಪ್ಪಿನಲ್ಲಿ, ಇಲ್ಲವೆ ಐಸಿನಲ್ಲಿ, ಇಲ್ಲವೆ ಹೆಪ್ಪುಗಟ್ಟಿ. ಹಾಗಿರುವಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಬಲೆಯಿಂದ ಬಿಡಿಸಿದ ಎಷ್ಟು ಹೊತ್ತಿಗೆ ಅದಕ್ಕೆ ತಂಪು ಮುಟ್ಟಿತು?

1809ರಲ್ಲಿ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಬಳಿ ದಂಡು ಕಟ್ಟಿದಾಗ, ಅದರ ಬೆನ್ನಿಗೆ ಮದರಾಸು ಸೀಮೆಯ ಸಿಪಾಯಿಗಳು, ಗುತ್ತಿಗೆದಾರರು, ಬಟ್ಲರುಗಳು, ವ್ಯಾಪಾರಿಗಳು ಬಂದರು. ಇಂದಿನ ಶಿವಾಜಿನಗರ, ಅಂದಿನ ಬ್ಲ್ಯಾಕ್‌ಪಳ್ಳಿ, ತಮಿಳರಿಂದಲೂ ಮುಸ್ಲಿಮರಿಂದಲೂ ಕ್ರೈಸ್ತರಿಂದಲೂ ತುಂಬಿಕೊಂಡಿತು. ಶುಕ್ರವಾರ ಮಾಂಸ ಮುಟ್ಟದೆ ಮೀನು ಬೇಯಿಸುವ ಕ್ಯಾಥೊಲಿಕ್ ಮನೆಗಳೂ ಅಲ್ಲಿದ್ದವು. ಇಂಥ ಜನ ಬಂದರು, ಅವರ ರುಚಿಯೇ ಕಡಲ ಮೀನನ್ನು ಇಲ್ಲಿಗೆ ಎಳೆದು ತಂದಿತು ಎಂದು ಹೇಳುವವರಿದ್ದಾರೆ. ಆದರೆ ಬಾಯಿ ಬಯಸಿದ ಮಾತ್ರಕ್ಕೆ ಮೀನು ಕೆಡದೆ ಉಳಿಯುವುದಿಲ್ಲ. ಮದರಾಸಿನಿಂದ ಎತ್ತಿನ ಗಾಡಿ ಬರಲು ವಾರಕ್ಕೂ ಹೆಚ್ಚು ಬೇಕಿದ್ದ ಕಾಲದಲ್ಲಿ ದಂಡಿಗೆ ತಲುಪಬಹುದಾಗಿದ್ದ ಕಡಲ ಮೀನೆಂದರೆ ಒಣಮೀನು, ಕರುವಾಡು. ಅದರ ಗುಣವೂ ಉಪ್ಪಿನ ಬೆಲೆಗೆ ಕಟ್ಟುಬಿದ್ದಿತ್ತು. ಉಪ್ಪಿನ ಸುಂಕದಿಂದಾಗಿ ಬೆಸ್ತರು ಕಡಿಮೆ ಉಪ್ಪಿನಲ್ಲಿ, ಬರೀ ಬಿಸಿಲಿನಲ್ಲಿ ಮೀನು ಒಣಗಿಸುತ್ತಿದ್ದರು. 1870ರ ದಶಕದಿಂದೀಚೆಗೆ ಮದರಾಸು ಪ್ರಾಂತ್ಯದ ಕರಾವಳಿಯಲ್ಲಿ ಸರ್ಕಾರಿ ಉಪ್ಪನ್ನು ಕಡಿಮೆ ದರಕ್ಕೆ ಕೊಡುವ ಮೀನು ಸಂಸ್ಕರಣೆಯ ಅಂಗಳಗಳು ಎದ್ದ ಮೇಲೆ ಈ ಸ್ಥಿತಿ ಬದಲಾಯಿತು. ಒಳನಾಡಿನವರು ತಿಂದ ಮೀನಿನ ಹಣೆಬರಹ ಕಡಲ ದಂಡೆಯಲ್ಲೇ, ಮೊದಲ ಕೆಲವು ಗಂಟೆಗಳಲ್ಲೇ ತೀರ್ಮಾನವಾಗುತ್ತಿತ್ತು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಹಲಸೂರು, ಬೆಳ್ಳಂದೂರು ಕೆರೆಗಳಿದ್ದವಲ್ಲ, ತಾಜಾ ಮೀನಿಗೇನು ಕೊರತೆ ಎಂದು ಕೇಳಬಹುದು. ಕೊರತೆಯಿರಲಿಲ್ಲ, ನಿಜ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಮಂಗಳೂರಿನಿಂದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ತಂದ. ಅಷ್ಟಕ್ಕೇ ನಿಲ್ಲದೆ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆಯೇ ಇನ್ನೊಂದನ್ನು ಬರೆದ. ನದಿ, ಕಡಲು ಕೈಗೆಟುಕದ ಠಾಣೆಗಳಲ್ಲಿ ಕೆರೆಯೇ ಅಧಿಕಾರಿಗಳ ಮೋಜಿನ ತಾಣ. ಆದರೆ ಕೆರೆಮೀನಿಗೆ ಹಿಟ್ಟಿನ ಉಂಡೆ, ಎರೆಹುಳು ಸಾಕು. ಎರಡೂ ಪಕ್ಕದಲ್ಲೇ ಸಿಗುವಂಥವು, ಕಾಪಿಡುವ ಪ್ರಶ್ನೆಯೇ ಇಲ್ಲ. ಮೀನನ್ನೇ ಎರೆಯಾಗಿ ಸಿಕ್ಕಿಸುವ ಕಡಲ ಗಾಳದ ವಿದ್ಯೆ ಒಳನಾಡಿನ ಊರಿಗೆ ಬರಬೇಕಾದರೆ ತಂಪು ಬರಲೇಬೇಕಿತ್ತು.

ತಂಪು ಬಂದದ್ದು ತಡವಾಗಿ, ತುಂಡುತುಂಡಾಗಿ. 1864ರಲ್ಲಿ ಜೋಲಾರಪೇಟೆಯಿಂದ ಕಂಟೋನ್ಮೆಂಟ್ ನಿಲ್ದಾಣಕ್ಕೆ ರೈಲು ಬಂತು. ವಾರಗಳ ದಾರಿ ಗಂಟೆಗಳಿಗೆ ಇಳಿಯಿತು. ಆ ಹೊತ್ತಿಗೆ ಮದರಾಸಿನಲ್ಲಿ ಐಸ್ ಇತ್ತು, ಆದರೆ ಅದು ಅಮೆರಿಕದ ಬಾಸ್ಟನ್ ಸುತ್ತಲ ಕೆರೆಗಳಿಂದ ಕಡಿದು ಹಡಗಿನಲ್ಲಿ ತಂದದ್ದು. 1833ರಲ್ಲಿ ಕಲ್ಕತ್ತೆಗೆ ಮೊದಲ ಬಾರಿ ಅಂಥ ಐಸ್ ಕಳಿಸಿದ ಫ್ರೆಡರಿಕ್ ಟ್ಯೂಡರ್ ಮದರಾಸಿನ ಕಡಲ ತೀರದಲ್ಲೂ ಒಂದು ಐಸ್‌ಹೌಸ್ ಕಟ್ಟಿಸಿದ; ಮುಂದೆ 1897ರಲ್ಲಿ ಸ್ವಾಮಿ ವಿವೇಕಾನಂದರು ಉಳಿದುಕೊಂಡ ಕಟ್ಟಡ ಅದೇ. ಅರ್ಧ ಭೂಮಿ ಸುತ್ತಿ ಬಂದ ಐಸನ್ನು ಸಾಹೇಬರ ಗ್ಲಾಸಿಗೆ ಹಾಕುತ್ತಿದ್ದರೇ ಹೊರತು ಮೀನಿನ ಬುಟ್ಟಿಗೆ ಸುರಿಯುವವರು ಯಾರು? 1870ರ ದಶಕದಲ್ಲಿ ಮದರಾಸಿನಲ್ಲೇ ಯಂತ್ರದಿಂದ ಐಸ್ ತಯಾರಾಗತೊಡಗಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರನ್ನು ಮುಟ್ಟಿತು. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಗೆ ಮೀನಿನ ದೊಡ್ಡ ವಹಿವಾಟು ದಕ್ಕಿದ್ದು ಈ ಮೂರರ ಬೆನ್ನ ಮೇಲೆ: ಹಳಿ, ಯಂತ್ರದ ಐಸ್, ವಿದ್ಯುತ್ತು. ಮಂಗಳೂರಿನಿಂದ ಹಾಸನದ ಮೇಲೆ ರೈಲು ಹರಿದದ್ದು 1979ರಲ್ಲಿ, ಮದರಾಸಿನ ಹಳಿ ಬಂದು 115 ವರ್ಷಗಳಾದ ಮೇಲೆ. ಶಿವಾಜಿನಗರದ ಮೀನಿನ ಸಾಲಿನಲ್ಲಿ ಇಂದಿಗೂ ವಂಜರ, ಶಂಕರ ಎಂಬ ತಮಿಳು ಹೆಸರುಗಳೇ ಮೊದಲು ಕಿವಿಗೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಐಸಿನಲ್ಲಿಟ್ಟ ಮೀನು ಬೇರೆ, ಹೆಪ್ಪುಗಟ್ಟಿಸಿದ ಮೀನು ಬೇರೆ. ತಿರಸ್ಕಾರಕ್ಕೆ ನಿಜವಾದ ಕಾರಣ ಹುಟ್ಟುವುದು ಎರಡನೆಯದರಲ್ಲಿ. ಮೀನಿನ ಮಾಂಸದೊಳಗಿನ ನೀರಿನ ಬಹುಭಾಗ ಹೆಪ್ಪುಗಟ್ಟುವುದು ಸೊನ್ನೆಯ ಕೆಳಗೆ 1ರಿಂದ 5 ಡಿಗ್ರಿಯ ನಡುವೆ. ಈ ಹಂತವನ್ನು ಬೇಗ ದಾಟಿಸಿದರೆ ಹರಳು ಸಣ್ಣದಾಗಿ ಮೂಡುತ್ತದೆ. ತಡವಾದರೆ ದೊಡ್ಡದಾಗಿ ಬೆಳೆದು ಮಾಂಸದ ಕೋಶಗಳನ್ನು ಸೀಳುತ್ತದೆ, ಕರಗಿಸಿದಾಗ ನೀರೆಲ್ಲ ಸೋರಿ ಮಾಂಸ ಹಿಂಡಿಯಾಗುತ್ತದೆ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ 1920ರ ದಶಕದಲ್ಲಿ ಅಮೆರಿಕದಲ್ಲಿ ಕಟ್ಟಿದ ಉದ್ಯಮದ ಗುಟ್ಟು ಈ ವೇಗವೇ. ನಮ್ಮ ಕಡೆ ಆ ಪದ್ಧತಿ 1950ರ ದಶಕದಲ್ಲಿ ಕೇರಳಕ್ಕೆ ಬಂದದ್ದು ಸಿಗಡಿಯ ರಫ್ತಿಗಾಗಿ. ಒಳ್ಳೆಯ ಯಂತ್ರ ವಿದೇಶದ ತಟ್ಟೆಗೆ ದುಡಿಯಿತು. ಒಳನಾಡಿನ ಗಿರಾಕಿಗೆ ಸಿಕ್ಕಿದ್ದು ಬಹಳ ಕಾಲ ಅಂಗಡಿಯ ಪೆಟ್ಟಿಗೆ ಫ್ರೀಜರಿನಲ್ಲಿ ನಿಧಾನವಾಗಿ ಕಲ್ಲಾದ ಮೀನು. ಅದನ್ನು ತಿಂದವರು ಫ್ರೀಜರನ್ನೇ ಶಪಿಸಿದ್ದು ಸಹಜ.

ಇಲ್ಲಿ ಗಾಳದವನ ಸಾಕ್ಷ್ಯ ತುಂಬ ಬೆಲೆಯುಳ್ಳದ್ದು, ಏಕೆಂದರೆ ಮಸಾಲೆ ಹಾಕಿ ಮುಚ್ಚುವ ಅನುಕೂಲ ಅವನಿಗಿಲ್ಲ. ಒಂದು ಬೂತಾಯಿಯನ್ನೇ ನೋಡಿ. ಚೆನ್ನಾಗಿ ಹೆಪ್ಪುಗಟ್ಟಿದ್ದು ಅರ್ಧ ಕರಗಿದಾಗಲೂ ಹೊಟ್ಟೆ ಬಿರಿದಿರುವುದಿಲ್ಲ, ಬೆನ್ನಿನ ನೀಲಿ ಹಸಿರು ಮಾಸಿರುವುದಿಲ್ಲ, ಬೆರಳೊತ್ತಿದರೆ ಗುಳಿ ನಿಲ್ಲುವುದಿಲ್ಲ. ಕೆಟ್ಟದ್ದರ ಹೊಟ್ಟೆ ಮೊದಲೇ ಒಡೆದು ಕಂದು ನೀರು ಇಳಿದಿರುತ್ತದೆ, ಕಿವಿರಿನ ಬಳಿ ಎಣ್ಣೆ ಹಳದಿಗಟ್ಟಿ ಕಮಟು ಹೊಡೆಯುತ್ತದೆ. ಅದನ್ನು ಗಾಳಕ್ಕೆ ಸಿಕ್ಕಿಸಿ ಬೀಸಿದರೆ ಎರೆ ಒಂದು ಕಡೆ, ಗಾಳ ಒಂದು ಕಡೆ. ಹಾಗಾಗಿ ತಿಳಿದವರು ಬೂತಾಯಿಗೆ ಕಲ್ಲುಪ್ಪು ಸವರಿ, ನೀರಿಳಿದು ಮಾಂಸ ಬಿಗಿಯಾದ ಮೇಲೆ, ಒಂದು ಹೊತ್ತಿಗೆ ಬೇಕಾಗುವಷ್ಟನ್ನೇ ಸಣ್ಣ ಪೊಟ್ಟಣಗಳಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿಗಿಡುತ್ತಾರೆ. ಗಾಳಕ್ಕೆ ಹಾಕುವಾಗ ಎಳೆದರೆ ಹಿಗ್ಗುವ ತೆಳು ದಾರ ಸುತ್ತುತ್ತಾರೆ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ. ಒಣಮೀನಿನ ಅಂಗಳದ ಉಪ್ಪೇ ಇಲ್ಲೂ ಫ್ರೀಜರಿನ ಜೊತೆಗೆ ನಿಂತು ಕೆಲಸ ಮಾಡುತ್ತಿದೆ. ಬೊಂಡಾಸಿಗೆ, ಅಂದರೆ ಸ್ಕ್ವಿಡ್‌ಗೆ, ಇಷ್ಟು ಉಪಚಾರ ಬೇಡ. ಅದರಲ್ಲಿ ಕೊಬ್ಬು ಕಡಿಮೆ, ಮಾಂಸ ರಬ್ಬರಿನಷ್ಟು ಗಟ್ಟಿ. ತಿಂಗಳುಗಟ್ಟಲೆ ಹೆಪ್ಪುಗಟ್ಟಿದ್ದರೂ ಪಟ್ಟಿ ಕತ್ತರಿಸಿ ಸಿಕ್ಕಿಸಿದರೆ ಅಲೆಯ ಹೊಡೆತ ತಡೆಯುತ್ತದೆ.

ಮೀನಿಗೆ ಹಾಕುವ ಎರೆಗೆ ಇಷ್ಟೇಕೆ, ಕೊಳೆತದ್ದನ್ನೂ ಅವು ತಿನ್ನುತ್ತವಲ್ಲ ಎನ್ನಬಹುದು. ವಾಸನೆ ಹಿಡಿದು ಬರುವ ಏಡಿ ತಿನ್ನಬಹುದು, ಕೆಲವು ತಳಮೀನು ತಿನ್ನಬಹುದು. ಕೆಂಬೇರಿಯಂಥ ಬೇಟೆಗಾರ ಮೀನಿಗಾಗಿ ಕಾಯುವವನಿಗೆ ಎರೆ ಗಾಳದ ಮೇಲೆ ಇಡಿಯಾಗಿ ಉಳಿಯಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಫ್ರೀಜರು ಹಳಸಿದ ಮೀನಿಗೆ ಮುಸುಕು ಹಾಕುತ್ತದೆ ಎಂಬುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಂಜೆಯವರೆಗೆ ಮಾರಾಟವಾಗದೆ ಉಳಿದದ್ದನ್ನು ಹೆಪ್ಪುಗಟ್ಟಿಸಿದರೆ ಅದು ಹಳಸಲು ಮೀನಾಗಿಯೇ ಉಳಿಯುತ್ತದೆ. ಬಂಗುಡೆ, ಬೂತಾಯಿ, ಕೇದರಗಳಂಥ ಮೀನು ಬಿಸಿಲಿಗೆ ಬಿದ್ದರೆ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ. ಆಮೇಲೆ ಫ್ರೀಜರಿಗಿಟ್ಟರೂ ಹೋಗದು, ಬೇಯಿಸಿದರೂ ಹೋಗದು. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಇನ್ನಷ್ಟು ಬಲಪಡಿಸುತ್ತದೆ. ತಪ್ಪು ನಡೆದದ್ದು ತಂಪಿಲ್ಲದೆ ಕಳೆದ ಗಂಟೆಗಳಲ್ಲಿ. ನಮ್ಮ ಸೆಕೆಗೆ ದೋಣಿಯಲ್ಲೇ ಒಂದು ಪಾಲು ಮೀನಿಗೆ ಒಂದು ಪಾಲು ಐಸ್ ಬೇಕೆಂದು ಮೀನು ತಂತ್ರಜ್ಞರು ಹೇಳುತ್ತ ಬಂದಿದ್ದಾರೆ. ಐಸು ಉಳಿಸಿ ಲಾಭ ನೋಡಿದ ದೋಣಿಯ ಮೀನು ಶಿವಾಜಿನಗರಕ್ಕೆ ಬಂದಾಗ ಬೈಗುಳ ಐಸಿಗೇ ಬೀಳುತ್ತದೆ.

ಇದೆಲ್ಲ ಪರೀಕ್ಷೆಗೆ ಬರುವುದು ಜೂನ್ ತಿಂಗಳಲ್ಲಿ. ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧ, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಎರಡು ಕಡಲುಗಳ ನಡುವೆ ಇರುವುದರಿಂದ ಬೆಂಗಳೂರಿಗೆ ವರ್ಷದ ಉಳಿದ ದಿನಗಳಲ್ಲಿ ಒಂದಲ್ಲ ಒಂದು ದಿಕ್ಕಿನ ದೋಣಿಗಳ ಮೀನು ಸಿಗುತ್ತದೆ. ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಾಗಿಲು ಹಾಕಿರುತ್ತದೆ. ನಾಡದೋಣಿಗಳು ತಂದಷ್ಟು ಬಿಟ್ಟರೆ ಆಗ ಹಲಸೂರಿನಲ್ಲೂ ಕೆ.ಆರ್. ಪುರದಲ್ಲೂ ಕಾಣುವುದು ಬಹುಪಾಲು ಶೀತಲಗೃಹದ ಸರಕು. ಆ ಹದಿನೈದು ದಿನ ಎರೆಗೆ ಕೊಳ್ಳುವವರು ಬೂತಾಯಿಯನ್ನು ಬಿಟ್ಟು ಬೊಂಡಾಸನ್ನು ಆರಿಸಲಿ. ಬೂತಾಯಿಯೇ ಬೇಕೆಂದರೆ, ನಿಷೇಧಕ್ಕೆ ಮೊದಲೇ ಕೊಂಡು ಉಪ್ಪು ಹಾಕಿ ತಾವೇ ಕಟ್ಟಿಟ್ಟುಕೊಳ್ಳಲಿ.